ಮಹೋತ್ಸವದ ಇತಿಹಾಸ, ಊರಿನ ಇತಿಹಾಸ



ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹಿನ್ನೆಲೆಯಲ್ಲಿ ಕರ್ನಾಟಕದ ಇತಿಹಾಸವನ್ನು ಕಲಿಸುವ ಮತ್ತು ಸಂಶೋಧಿಸುವ ಬಗೆಯನ್ನು ಕುರಿತು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ವಿಷಯ ದೊಡ್ಡದು, ಸಿಕ್ಕಿರುವುದು ಒಂದು ತಾಸು. ಕರ್ನಾಟಕವನ್ನೆಲ್ಲ ಸುತ್ತುವ ಗೋಜಿಗೆ ನಾನು ಹೋಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಈ ಬೇವೂರಿನಿಂದ ಬೆಳಗಿನ ಬಸ್ಸಿಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಊರುಗಳನ್ನೇ ಹಿಡಿದು ಮಾತಾಡುತ್ತೇನೆ. ಆ ಊರುಗಳಲ್ಲೇ ಬೇಕಾದಷ್ಟು ಸರಕಿದೆ.

ಮಹೋತ್ಸವ 2021ರ ಮಾರ್ಚ್ 12ರಂದು ಸಾಬರಮತಿಯಲ್ಲಿ ಶುರುವಾಗಿ 2023ರ ಆಗಸ್ಟ್ 15ರವರೆಗೆ ನಡೆಯಿತು. ಅದು ಮುಗಿಯುತ್ತಿದ್ದಂತೆ, ನಾಡಿಗೆ ಕರ್ನಾಟಕ ಎಂದು ಹೆಸರಾಗಿ ಐವತ್ತು ವರ್ಷವಾದ ಸಂಭ್ರಮ ಬಂತು. ಈ ಮೂರ್ನಾಲ್ಕು ವರ್ಷಗಳಲ್ಲಿ ನಮ್ಮ ಶಾಲೆ ಕಾಲೇಜುಗಳಲ್ಲಿ ಏನೇನು ನಡೆಯಿತೆಂದು ನಿಮಗೆಲ್ಲ ಗೊತ್ತು. ಪ್ರಭಾತಫೇರಿ, ರಸಪ್ರಶ್ನೆ, ರಂಗೋಲಿ, ವೇಷಭೂಷಣ, ಪ್ರಬಂಧ ಸ್ಪರ್ಧೆ. ಕಿತ್ತೂರು ಚೆನ್ನಮ್ಮನ ವೇಷಕ್ಕೆ ಹುಡುಗಿಯರಲ್ಲಿ ಪೈಪೋಟಿ; ಗಾಂಧೀಜಿ ಆಗಲು ಮಾತ್ರ ತಲೆ ಬೋಳಿಸಿಕೊಳ್ಳುವ ಭಯದಿಂದ ಯಾರೂ ಮುಂದೆ ಬರುತ್ತಿರಲಿಲ್ಲ. ಇವುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳಿಗೆ ಹಬ್ಬ ಬೇಕು. ಇತಿಹಾಸದ ಅಧ್ಯಾಪಕ ಕೇಳಬೇಕಾದ ಪ್ರಶ್ನೆ ಬೇರೆಯದು: ಹಬ್ಬ ಮುಗಿದ ಮೇಲೆ ನಮ್ಮ ಕೈಯಲ್ಲಿ ಹೊಸದಾಗಿ ಯಾವ ಆಧಾರ ಉಳಿಯಿತು? ಒಂದು ಕಾಗದ, ಒಂದು ಧ್ವನಿಮುದ್ರಣ, ಹಿಂದೆ ಯಾರೂ ಓದದ ಒಂದು ದಫ್ತರ?

ಪ್ರಶ್ನೆ ಕಠಿಣ ಅನ್ನಿಸಬಹುದು. ಆದರೆ ನಮ್ಮ ಹಿಂದಿನವರು ಇಂಥ ವರ್ಷಾಚರಣೆಗಳಿಂದ ಏನೇನು ಗಳಿಸಿದರು ಎಂದು ನೋಡಿದರೆ ಈ ಅಳತೆಗೋಲು ಅತಿಯಾದದ್ದಲ್ಲ ಎಂದು ಗೊತ್ತಾಗುತ್ತದೆ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷವನ್ನು ಆಚರಿಸಿದರು. ಆಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಕನ್ನಡಿಗರು ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಮತ್ತು ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಹುಟ್ಟಿನಿಂದ ನಮ್ಮ ವಿಜಾಪುರದವರೇ ಆದ ಆಲೂರು ವೆಂಕಟರಾಯರು 1917ರಲ್ಲೇ 'ಕರ್ನಾಟಕ ಗತವೈಭವ' ಬರೆದು, ನಿಮಗೂ ಒಂದು ಚರಿತ್ರೆ ಇದೆ ಎಂದು ಈ ಭಾಗದ ಜನರಿಗೆ ತಿಳಿಸಿದ್ದರು. ಮರಾಠಿ ಪಾಠಗಳಲ್ಲಿ ಪೇಶ್ವೆಯರ ಕತೆ ಓದಿ ಬೆಳೆದ ತಲೆಮಾರಿಗೆ ಅದು ಹೊಸ ಸುದ್ದಿ. ಧಾರವಾಡದಲ್ಲಿ 1914ರಲ್ಲಿ ಹುಟ್ಟಿದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಶಾಸನ, ಕಡತಗಳನ್ನು ಹುಡುಕುವ ಕೆಲಸ ಹಚ್ಚಿಕೊಂಡಿತ್ತು. ಆ ನೆಲದ ಮೇಲೆ ಆರುನೂರರ ಹಬ್ಬ ನಡೆಯಿತು. ಮೆರವಣಿಗೆ, ಭಾಷಣ ಎಲ್ಲ ಆದವು. ಉಳಿದದ್ದು ಅದೇ ವರ್ಷ ಧಾರವಾಡದಿಂದ ಹೊರಟ ಸ್ಮರಣ ಸಂಪುಟ. ವಿಜಯನಗರದ ಮೂಲ ಕನ್ನಡವೋ ತೆಲುಗೋ ಎಂಬ ಜಗಳವನ್ನು ಬಚ್ಚಿಡದೆ, ಬೇರೆ ಬೇರೆ ಅಭಿಪ್ರಾಯದ ವಿದ್ವಾಂಸರಿಂದ ಬರೆಸಿದ ಪುಸ್ತಕ ಅದು. ಇವತ್ತಿಗೂ ವಿಜಯನಗರದ ಮೇಲೆ ಕೆಲಸ ಮಾಡುವವರು ಅದನ್ನು ತೆರೆಯಲೇಬೇಕು.

1857ರ ನೂರನೆಯ ವರ್ಷ 1957ರಲ್ಲಿ ಬಂತು. ಅದರ ಆಸುಪಾಸಿನಲ್ಲಿ ಒಂದೊಂದು ರಾಜ್ಯದಲ್ಲೂ ಸ್ವಾತಂತ್ರ್ಯ ಚಳವಳಿಯ ಇತಿಹಾಸ ಬರೆಸುವ ಕೆಲಸಕ್ಕೆ ಬಲ ಬಂತು. ನಮ್ಮಲ್ಲಿ ಎಂ. ವಿ. ಕೃಷ್ಣರಾವ್ ಮತ್ತು ಜಿ. ಎಸ್. ಹಾಲಪ್ಪನವರ ಎರಡು ಸಂಪುಟಗಳು 1962 ಮತ್ತು 1964ರಲ್ಲಿ ಹೊರಬಂದವು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ. ಆಗ ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಿತು, ಪಿಂಚಣಿ ಕೊಟ್ಟಿತು. ಆದರೆ ಇತಿಹಾಸಕ್ಕೆ ಹೆಚ್ಚು ಬೆಲೆಯುಳ್ಳ ಕೆಲಸ ಸೂರ್ಯನಾಥ ಕಾಮತರು ಆ ದಶಕದಲ್ಲಿ ಸಂಪಾದಿಸಿದ 'ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು'. ಜೈಲಿಗೆ ಹೋದವರು, ತಂತಿ ಕತ್ತರಿಸಿದವರು, ಅಂಚೆಚೀಲ ಕಸಿದವರು ಬದುಕಿದ್ದಾಗಲೇ ಅವರ ಬಾಯಿಂದ ಕೇಳಿ ಬರೆಸಿಟ್ಟರು. ಹತ್ತು ವರ್ಷ ತಡಮಾಡಿದ್ದರೆ ಅದರಲ್ಲಿ ಎಷ್ಟೋ ಮಾತುಗಳು ಮಸಣ ಸೇರುತ್ತಿದ್ದವು.

ಇನ್ನು 1997ರ ಸುವರ್ಣ ಮಹೋತ್ಸವ. ಅದರ ನೆನಪಿಗೆ ನಮಗೆ ಜಿಲ್ಲೆಯೇ ಸಿಕ್ಕಿತು. ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಆರಂಭವಾದದ್ದು 1997ರ ಆಗಸ್ಟ್ 15ರಂದು. ಒಂದರ್ಥದಲ್ಲಿ ನಾವೆಲ್ಲ ಮಹೋತ್ಸವದ ಕೂಸುಗಳು. ಹಾಗೆ ನೋಡಿದರೆ ಈ ಸೀಮೆಯಲ್ಲಿ ಜಿಲ್ಲಾ ಕೇಂದ್ರವಿದ್ದದ್ದು ಅದೇ ಮೊದಲೇನಲ್ಲ. ಈಗ ಚಿಕ್ಕು, ದಾಳಿಂಬೆಗೆ ಹೆಸರಾದ ಕಲಾದಗಿ 1885ರವರೆಗೆ ಇಡೀ ಜಿಲ್ಲೆಯ ಮುಖ್ಯ ಊರಾಗಿತ್ತು, ಬ್ರಿಟಿಷರ ದಂಡು ಅಲ್ಲಿತ್ತು. ಕಚೇರಿ ವಿಜಾಪುರಕ್ಕೆ ಹೋದ ಮೇಲೆ ಕಲಾದಗಿ ಮತ್ತೆ ಹಳ್ಳಿಯಾಯಿತು.

ಈಗ ತರಗತಿಗೆ ಬರೋಣ. ನಮ್ಮ ಜಿಲ್ಲೆಯ ಇತಿಹಾಸ ಪಾಠದಲ್ಲಿ ಒಂದು ವಿಚಿತ್ರವಿದೆ. ಅದು ಚಾಲುಕ್ಯರಿಂದ ಶುರುವಾಗಿ ಚಾಲುಕ್ಯರಲ್ಲೇ ಮುಗಿಯುತ್ತದೆ. ಪ್ರವಾಸವೆಂದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಮೇಗುಟಿಯ ಮೇಲೆ ನಿಂತು ರವಿಕೀರ್ತಿಯ ಶಾಸನ 634ರದ್ದು ಎಂದು ಹುಡುಗರು ಬರೆದುಕೊಳ್ಳುತ್ತಾರೆ, ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಶಾಸನ 543ರದ್ದು ಎಂದು ಬಾಯಿಪಾಠ ಮಾಡುತ್ತಾರೆ. ಒಳ್ಳೆಯದೇ. ಆದರೆ ಅದೇ ಬಾದಾಮಿ ಕೋಟೆಯಲ್ಲಿ 1841ರಲ್ಲಿ ಏನಾಯಿತೆಂದು ಕೇಳಿದರೆ ಮಾರ್ಗದರ್ಶಿಯೂ ಹೇಳುವುದಿಲ್ಲ, ಮೇಷ್ಟ್ರೂ ಹೇಳುವುದಿಲ್ಲ.

ಆ ವರ್ಷ ನರಸಿಂಗರಾವ್ ದತ್ತಾತ್ರೇಯ ಪೇಟಕರ ಎಂಬ ಕುರುಡ ಬ್ರಾಹ್ಮಣನೊಬ್ಬ ನಿಜಾಮನ ಸೀಮೆಯಿಂದ ನೂರಕ್ಕೂ ಮಿಕ್ಕ ಅರಬ್ಬರನ್ನು ಕಟ್ಟಿಕೊಂಡು ಬಂದು ಬಾದಾಮಿಯನ್ನು ಹಿಡಿದ. ಖಜಾನೆಯೂ ಪೇಟೆಯೂ ಲೂಟಿಯಾದವು. ತಾನೇ ಒಡೆಯನೆಂದು ಸಾರಿಕೊಂಡ. ಕಂಪನಿಯ ಪಡೆ ಬಂದು ಕೆಲವೇ ದಿನಗಳಲ್ಲಿ ಅವನನ್ನು ಸೆರೆಹಿಡಿಯಿತು. ಈತನನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಬೇಕೋ ಬಿಡಬೇಕೋ? ಫಲಕ ಬರೆಸುವವರಿಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕು. ಪೇಟೆ ಲೂಟಿ ಮಾಡಿಸಿದವನನ್ನು ಹೌದು ಎನ್ನುವುದು ಕಷ್ಟ, ಕಂಪನಿಯ ಧ್ವಜ ಇಳಿಸಿದವನನ್ನು ಅಲ್ಲ ಎನ್ನುವುದೂ ಕಷ್ಟ. ಬಿ.ಎ. ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಕೈಯಲ್ಲಿ ಶಸ್ತ್ರವಿದ್ದು ಕೆಲಸವಿಲ್ಲದ ಅರಬ್ಬರು ನಿಜಾಮನ ಸೀಮೆಯಲ್ಲಿ ಏಕಿದ್ದರು, 1818ರಲ್ಲಿ ಪೇಶ್ವೆಯ ಆಡಳಿತ ಬಿದ್ದಾಗ ಯಾರ ಯಾರ ಅನ್ನ ಹೋಯಿತು, ಗಡಿಯಾಚೆ ಓಡಿಹೋಗಿ ತಪ್ಪಿಸಿಕೊಳ್ಳುವ ಅನುಕೂಲ ಎಷ್ಟು ದಿನ ಇತ್ತು ಎಂಬೆಲ್ಲ ಪ್ರಶ್ನೆಗಳು ಆ ಒಬ್ಬನ ಹಿಂದಿವೆ. ಪಟ್ಟಿಗೆ ಹೊಂದದ ಮನುಷ್ಯರಿಂದಲೇ ಇತಿಹಾಸ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಪಟ್ಟಿಗೆ ಚೆನ್ನಾಗಿ ಹೊಂದುವವರು ಹಲಗಲಿಯ ಬೇಡರು. ನಮ್ಮ ಜಿಲ್ಲೆಯಿಂದ ರಾಷ್ಟ್ರದ ಕತೆಗೆ ಹೋಗುವ ಹೆಸರೆಂದರೆ ಮೊದಲು ಅದೇ. ಕತೆ ನಿಮಗೆ ಗೊತ್ತು. ಉತ್ತರದ ದಂಗೆಗೆ ಬೆದರಿದ ಸರ್ಕಾರ 1857ರಲ್ಲೇ ಜನರ ಆಯುಧ ಕಸಿಯುವ ಕಾಯ್ದೆ ತಂದಿತು. ಬೇಟೆ ಮತ್ತು ಚಾಕರಿ ಎರಡನ್ನೂ ಆಯುಧದಿಂದಲೇ ನಡೆಸುತ್ತಿದ್ದ ಬೇಡರಿಗೆ ಅದು ಬದುಕನ್ನೇ ಕಸಿದಂತೆ. ಮುಧೋಳ ಸಂಸ್ಥಾನದ ಹಲಗಲಿಯವರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನ, ಜನ ನೋಡಲೆಂದೇ 13 ಮಂದಿಯನ್ನು ಗಲ್ಲಿಗೇರಿಸಿದರು. 14ರಂದು ಹಲಗಲಿಯಲ್ಲೇ ಇನ್ನೂ 6 ಮಂದಿಯನ್ನು.

ಇಷ್ಟನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಪಾಠ ಶುರುವಾಗುವುದು ಆಮೇಲೆ. ಹಲಗಲಿಯ ಮೇಲೆ ಲಾವಣಿ ಇದೆ, ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ನೀವೆಲ್ಲ ಓದಿದ್ದೀರಿ, ಕೆಲವರು ರಾಗದಲ್ಲಿ ಹಾಡಲೂಬಲ್ಲಿರಿ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು ಉಳಿದದ್ದೇ ಆ ಹಾಡಿನಿಂದ. ಕೊನೆಗೆ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಅದನ್ನು ಬರಹಕ್ಕಿಳಿಸಿ ಅಚ್ಚು ಮಾಡಿಸಿದವನು ಯಾರು? ಜೆ. ಎಫ್. ಫ್ಲೀಟ್, ನಮ್ಮ ಶಾಸನಗಳನ್ನು ಓದಿಕೊಟ್ಟ ದೊಡ್ಡ ವಿದ್ವಾಂಸ, ಜೊತೆಗೆ ಮುಂಬೈ ಸರ್ಕಾರದ ಕಲೆಕ್ಟರ್ ದರ್ಜೆಯ ಅಧಿಕಾರಿ. ಊರನ್ನು ಸುಟ್ಟ ಸರ್ಕಾರದ್ದೇ ಒಬ್ಬ ನೌಕರ ಮೂವತ್ತು ವರ್ಷದೊಳಗೆ, 1880ರ ದಶಕದಲ್ಲಿ, ಸುಟ್ಟ ಊರಿನ ಹಾಡನ್ನು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಹಾಡನ್ನೂ ಅವನೇ ಪ್ರಕಟಿಸಿದ. ಯಾಕೆ ಮಾಡಿರಬಹುದು? ಹಾಡಿದವರು ಸರ್ಕಾರದ ಸಾಹೇಬನ ಮುಂದೆ ಎಲ್ಲ ನುಡಿಗಳನ್ನೂ ಹಾಡಿದರೋ, ಕೆಲವನ್ನು ನುಂಗಿಕೊಂಡರೋ? ಈ ಪ್ರಶ್ನೆ ಕೇಳಿದ ಕ್ಷಣ ಹುಡುಗರು ಎದ್ದು ಕೂರುತ್ತಾರೆ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡೋಣ. ಊರು ಲೂಟಿಯಾದ ಸಂದರ್ಭದಲ್ಲಿ ಲಾವಣಿಕಾರ ಒಂದು ಪಟ್ಟಿ ಕೊಡುತ್ತಾನೆ. ಕತ್ತಿ ಬಂದೂಕುಗಳ ಪಟ್ಟಿಯಲ್ಲ. ಮನೆಯೊಳಗಿನ ಸಾಮಾನು: ಬೀಸುವ ಕಲ್ಲು, ಗಂಗಾಳ, ಚರಿಗೆ, ಬೆಣ್ಣೆ, ಜೀರಿಗೆ, ಬೆಲ್ಲ, ನೇಗಿಲ ಕುಡ, ಹೆಂಗಸರ ಕೊರಳ ತಾಳಿ. ಸೈನ್ಯದ ವರದಿ ಸತ್ತವರನ್ನೂ ಸಿಕ್ಕಿದ ಆಯುಧಗಳನ್ನೂ ಎಣಿಸುವ ಜಾತಿಯದು; ಜೀರಿಗೆ ಡಬ್ಬಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಸಿಪಾಯಿಗಳು ಬೀಸುವ ಕಲ್ಲನ್ನು ಹೊತ್ತುಕೊಂಡು ಏನು ಮಾಡುತ್ತಾರೆ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಕೇಳಲಿ. ಹೀಗೆ ಸಾಮಾನುಗಳ ಸರಮಾಲೆ ಕಟ್ಟುವುದು ಲಾವಣಿಯ ರೂಢಿ, ಕೇಳುವವರಿಗೆ ತಾಳಕ್ಕೆ ಸರಿಯಾಗಿ ಹಿಡಿಸುತ್ತದೆ ಎಂಬ ಉತ್ತರವಿದೆ. ದಂಡಿನ ಹಿಂದೆ ಬಂದ ಸುತ್ತಲಿನ ಊರವರೇ ಒಯ್ದಿರಬಹುದು ಎಂಬ ಊಹೆಯೂ ಇದೆ, ಅದನ್ನು ಹೇಳುವುದು ಅಷ್ಟು ಹಿತವಲ್ಲ. ಒಂದು ಮಾತಂತೂ ನಿಜ: ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನ ರೊಟ್ಟಿ ಇಲ್ಲ. ಗಂಡಸರ ಕಾಳಗದ ಈ ಕತೆಯಲ್ಲಿ ಹೆಂಗಸರ ನಷ್ಟವನ್ನು ದಾಖಲಿಸಿದ ಒಂದೇ ಜಾಗ ಆ ಪಟ್ಟಿ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದಿಲ್ಲ.

ಹಲಗಲಿಗೂ ಮೀರತ್ತಿಗೂ ಸಂಬಂಧವಿದೆ, ಆದರೆ ನಾವು ವೇದಿಕೆಯ ಮೇಲೆ ಹೇಳುವಂಥ ಸಂಬಂಧವಲ್ಲ. ಮೀರತ್ತಿನ ಸಿಪಾಯಿಗಳ ಕರೆಗೆ ಹಲಗಲಿ ಓಗೊಟ್ಟಿತು ಎನ್ನುತ್ತೇವೆ. ಓಗೊಟ್ಟದ್ದು ಸರ್ಕಾರ. ಅಲ್ಲಿಯ ಭಯಕ್ಕೆ ಇಲ್ಲಿ ಕಾಯ್ದೆ ಬಂತು, ಕಾಯ್ದೆಗೆ ಹಲಗಲಿ ಎದ್ದಿತು. ರಾಜ್ಯದ ಚರಿತ್ರೆಯನ್ನು ರಾಷ್ಟ್ರದ ಚರಿತ್ರೆಗೆ ಹೀಗೆ ಒಂದೊಂದು ಕೊಂಡಿಯನ್ನು ತೋರಿಸಿ ಜೋಡಿಸಬೇಕು. ನಮ್ಮವರೂ ಇದ್ದರು, ನಾವೇನು ಕಡಿಮೆ ಎಂಬ ಧಾಟಿಯಲ್ಲಿ ಅಂಟಿಸಿದರೆ ಅದು ನಿಲ್ಲುವುದಿಲ್ಲ.

ಈಗ 1947ಕ್ಕೆ ಬರುತ್ತೇನೆ. ಇಡೀ ಮಹೋತ್ಸವ ನಿಂತಿರುವುದು ಆ ಒಂದು ತಾರೀಖಿನ ಮೇಲೆ. ಆದರೆ ನಮ್ಮ ಸೀಮೆಗೆ ಆಗಸ್ಟ್ 15 ಒಂದೇ ಬಗೆಯಲ್ಲಿ ಬರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ನೇರ ಮುಂಬೈ ಪ್ರಾಂತದಲ್ಲಿದ್ದವು. ಅಲ್ಲಿ ಬ್ರಿಟಿಷ್ ಬಾವುಟ ಇಳಿದು ತ್ರಿವರ್ಣ ಏರಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಅಲ್ಲಿಯವರಿಗೆ ರಾಜರ ಆಡಳಿತ ಮುಗಿದದ್ದು ವಿಲೀನದಿಂದ; ಜಮಖಂಡಿ ಮುಂಬೈಗೆ ಸೇರಿದ್ದು 1948ರ ಮಾರ್ಚ್ 8ರಂದು. ಆಗ ಆ ಸಂಸ್ಥಾನದ ದಿವಾನರಾಗಿದ್ದ ಸಾವಳಗಿಯ ಬಿ. ಡಿ. ಜತ್ತಿಯವರು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಕುರ್ಚಿಯನ್ನೂ ನಿಭಾಯಿಸಿದರು. ಬಾದಾಮಿಗೆ ಹೊಂದಿಕೊಂಡ ರಾಮದುರ್ಗ ಸಂಸ್ಥಾನದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜೆಗಳು ಸೆರೆಮನೆಗೆ ನುಗ್ಗಿದ್ದರು, ಪೊಲೀಸರ ಪ್ರಾಣ ಹೋಗಿತ್ತು. ಅವರ ಎದುರಿಗಿದ್ದ ಸರ್ಕಾರ ಪರದೇಶಿಯದಲ್ಲ, ಊರಿನ ರಾಜನದು.

ಹುನಗುಂದ ತಾಲೂಕಿನ ಅಂಚಿಗೆ ಹೋದರೆ ಮತ್ತೊಂದು ಕತೆ. ಇಲಕಲ್ಲಿನಿಂದ ಕುಷ್ಟಗಿ ದಾರಿ ಹಿಡಿದರೆ ಸ್ವಲ್ಪ ದೂರಕ್ಕೇ ನಿಜಾಮನ ಸೀಮೆ. ಅಲ್ಲಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಹದಿಮೂರು ತಿಂಗಳು ರಜಾಕಾರರ ಕಾಟಕ್ಕೆ ಜನ ಗಡಿ ದಾಟಿ ಈಚೆ ಬಂದರು. ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ಇವತ್ತಿಗೂ ಸೆಪ್ಟೆಂಬರ್ 17ರಂದು ಕುಷ್ಟಗಿಯಲ್ಲಿ ಸರ್ಕಾರಿ ಧ್ವಜಾರೋಹಣವಿದೆ, ಇಲಕಲ್ಲಿನಲ್ಲಿ ಇಲ್ಲ. ಇಲಕಲ್ಲಿನ ಸೀರೆ ಉಟ್ಟು ಆಕಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನ ಸ್ವಾತಂತ್ರ್ಯ ದಿನವೇ ಬೇರೆ, ಗಂಡನ ಮನೆಯದೇ ಬೇರೆ. ಒಂದೇ ಬಸ್ಸಿನ ಹಾದಿಯಲ್ಲಿ ಸ್ವಾತಂತ್ರ್ಯದ ಮೂರು ತಾರೀಖುಗಳಿರುವ ಸೀಮೆ ನಮ್ಮದು. ಇದನ್ನು ನಕಾಶೆಯ ಮೇಲೆ ಬರೆಯಿಸಿದರೆ ಒಂದು ತಿಂಗಳ ಪಾಠವಾಗುತ್ತದೆ. ಕನ್ನಡಿಗರೆಲ್ಲ ಒಂದೇ ಆಡಳಿತಕ್ಕೆ ಬರಲು 1956ರ ನವೆಂಬರ್ 1 ಏಕೆ ಬೇಕಾಯಿತು, 1973ರಲ್ಲಿ ಹೆಸರು ಬದಲಿಸಲು ಮತ್ತೆ ಹದಿನೇಳು ವರ್ಷ ಏಕೆ ಹಿಡಿಯಿತು ಎಂಬುದೂ ಅದೇ ನಕಾಶೆಯಿಂದ ಬಿಡಿಸಿಕೊಳ್ಳುತ್ತದೆ. ಏಕೀಕರಣದ ಮುಂದಾಳು ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ಸೋತಾಗ ಅವರನ್ನು ವಿಧಾನಸಭೆಗೆ ಕಳಿಸಿದ್ದು ಬಾಗಲಕೋಟೆ ಎಂಬುದನ್ನೂ ಸೇರಿಸಿಕೊಳ್ಳಿ.

ಧ್ವಜದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2022ರ ಆಗಸ್ಟ್‌ನಲ್ಲಿ ಮನೆಮನೆಗೂ ತಿರಂಗ ಏರಿತು. ಆ ಧ್ವಜದ ಖಾದಿ ಬಟ್ಟೆ ನೇಯುವ ಊರುಗಳಲ್ಲಿ ಒಂದು ಹನುಮಪ್ಪನ ಗುಡಿಗೆ ಹೆಸರಾದ ನಮ್ಮ ತುಳಸಿಗೇರಿ. ಅಲ್ಲಿ ನೇಯ್ದದ್ದು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಬಣ್ಣ ಕಂಡು, ಚಕ್ರ ಅಚ್ಚಾಗಿ, ಅಳತೆಗೆ ಸರಿಯಾಗಿ ಹೊಲಿದು ಧ್ವಜವಾಗುತ್ತದೆ. ಕೆಂಪುಕೋಟೆಯಂಥ ಜಾಗಗಳಿಗೂ ಹೋಗುವ ಬಟ್ಟೆ ಅದು. ನೂಲುವವರು, ನೇಯುವವರು ಬಹುಪಾಲು ಹೆಣ್ಣುಮಕ್ಕಳು. ಅಮೃತ ಮಹೋತ್ಸವದ ನಡುವೆಯೇ, 2021ರ ಡಿಸೆಂಬರ್ 30ರಂದು, ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಬೆಂಗೇರಿಯ ಖಾದಿ ಸಂಘದವರು ಪ್ರತಿಭಟನೆಗೆ ಕುಳಿತರು. ಇಷ್ಟೊಂದು ಧ್ವಜಗಳನ್ನು ಚರಕದಿಂದ ಪೂರೈಸಲಾಗದು ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಸ್ವದೇಶಿ ಚಳವಳಿಯ ಪಾಠವನ್ನು ನಾವು 1905ರ ಬಂಗಾಳದಿಂದಲೇ ಶುರುಮಾಡಿ ಅಲ್ಲಿಯೇ ಮುಗಿಸುತ್ತೇವೆ; ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ತುಳಸಿಗೇರಿಯ ಮಗ್ಗದ ಮನೆಗೆ ಬಾಗಲಕೋಟೆಯ ಒಂದು ತರಗತಿಯನ್ನೂ ಕರೆದೊಯ್ಯದಿದ್ದರೆ ಅದು ಸೋಮಾರಿತನವೇ ಸರಿ.

ಸಂಶೋಧನೆಯ ಕಷ್ಟಗಳ ಬಗ್ಗೆ ಎರಡು ಮಾತು. 2021ರಲ್ಲಿ ಸರ್ಕಾರ ಮುಂಬೈ ಕರ್ನಾಟಕ ಎಂಬ ಹೆಸರನ್ನು ತೆಗೆದು ಕಿತ್ತೂರು ಕರ್ನಾಟಕ ಎಂದಿತು. ಹೆಸರಿಗೆ ನನ್ನ ತಕರಾರಿಲ್ಲ. ಆದರೆ ಹೆಸರಿನಿಂದ ಮುಂಬೈ ಹೋದರೂ ನಮ್ಮ ದಾಖಲೆಗಳು ಮುಂಬೈ ಬಿಟ್ಟು ಬಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಕಡತಗಳು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ, ಅದಕ್ಕೂ ಹಿಂದಿನವು ಪುಣೆಯ ಪೇಶ್ವೆ ದಫ್ತರದಲ್ಲಿ. ಹಳೆಯವು ಮೋಡಿ ಲಿಪಿಯಲ್ಲಿವೆ. ನಮ್ಮೂರಿನ ಗೌಡಕಿ, ಕುಲಕರ್ಣಿಕಿ, ಇನಾಮುಗಳ ಜಗಳ ಓದಬೇಕಾದರೆ ಮೋಡಿ ಕಲಿಯಬೇಕು, ಮರಾಠಿ ಬರಬೇಕು. ಇತಿಹಾಸದಲ್ಲಿ ಎಂ.ಎ. ಮಾಡಿದ ನಮ್ಮ ಎಷ್ಟು ಹುಡುಗರಿಗೆ ಮೋಡಿ ಬರುತ್ತದೆ? ಗಡಿ ವಿವಾದದ ದಿನಗಳಲ್ಲಿ ಮರಾಠಿ ಕಲಿ ಎಂದರೆ ಹುಬ್ಬೇರಿಸುವವರೂ ಇದ್ದಾರೆ. ಕನ್ನಡ ನಾಡಿನ ಚರಿತ್ರೆ ಬರೆಯುವವನಿಗೆ ಮರಾಠಿ, ಫಾರ್ಸಿ, ಉರ್ದು ಬರಲೇಬೇಕೆಂಬುದು ನಮ್ಮ ಚರಿತ್ರೆಯೇ ಹಾಕಿದ ಷರತ್ತು.

ಮುಂಬೈಗೆ ಹೋಗಲಾಗದವರು ಊರಿನ ಪ್ರಾಥಮಿಕ ಶಾಲೆಗೆ ಹೋಗಲಿ. ನೂರು ವರ್ಷ ದಾಟಿದ ಕನ್ನಡ ಗಂಡುಮಕ್ಕಳ ಶಾಲೆಗಳು ನಮ್ಮಲ್ಲಿ ಬಹಳ. ಅಲ್ಲಿ ದಾಖಲಾತಿಯ ಜನರಲ್ ರಜಿಸ್ಟರ್ ಎಂಬ ದಪ್ಪ ಪುಸ್ತಕವಿರುತ್ತದೆ. ಹೆಸರು, ಜಾತಿ, ತಂದೆಯ ಉದ್ಯೋಗ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಂಬ ಅಂಕಣಗಳು. ಹುಟ್ಟಿದ ತಾರೀಖು ಪುಟಗಟ್ಟಲೆ ಜೂನ್ 1 ಎಂದೇ ಇರುವುದನ್ನು ಕಂಡು ನಗಬೇಡಿ. ನಿಮ್ಮ ಅಜ್ಜಂದಿರ ಹುಟ್ಟುಹಬ್ಬವನ್ನು ಮೇಷ್ಟ್ರು ನಿಶ್ಚಯಿಸಿದ ಕಾಲ ಅದು. ಜಾತಿಯ ಅಂಕಣವನ್ನು ವರ್ಷದಿಂದ ವರ್ಷಕ್ಕೆ ಓದುತ್ತ ಹೋದರೆ ಯಾವ ಓಣಿಯ ಮಕ್ಕಳು ಯಾವ ವರ್ಷ ಮೊದಲ ಸಲ ಶಾಲೆಯ ಹೊಸಿಲು ದಾಟಿದರು, ಮೊದಲ ಹೆಣ್ಣುಮಗಳು ಯಾರ ಮನೆಯವಳು, ಅವಳು ಮುಲ್ಕಿ ಪರೀಕ್ಷೆಯವರೆಗೆ ಉಳಿದಳೋ ಮೂರನೆಯ ಇಯತ್ತೆಗೇ ನಿಂತಳೋ ಗೊತ್ತಾಗುತ್ತದೆ. ಬಿಟ್ಟ ಕಾರಣದ ಅಂಕಣದಲ್ಲಿ ಬರಗಾಲವಿರುತ್ತದೆ, ಲಗ್ನವಿರುತ್ತದೆ, ದನ ಕಾಯುವುದಿರುತ್ತದೆ. ಸ್ವಾತಂತ್ರ್ಯ ಈ ಊರಿಗೆ ಏನು ಕೊಟ್ಟಿತು ಎಂಬ ಪ್ರಶ್ನೆಗೆ ಭಾಷಣಗಳಿಗಿಂತ ಈ ರಜಿಸ್ಟರ್ ನೇರವಾಗಿ ಉತ್ತರಿಸುತ್ತದೆ. ಎಷ್ಟೋ ಕಡೆ ಇವನ್ನು ಗೆದ್ದಲು ತಿನ್ನುತ್ತಿದೆ.

2022ರಲ್ಲೇ, ಅಂದರೆ ಮಹೋತ್ಸವದ ವರ್ಷದಲ್ಲೇ, ಪಠ್ಯಪುಸ್ತಕಗಳ ಜಗಳ ಜೋರಾಗಿ ನಡೆಯಿತು. ಬಸವಣ್ಣನವರ ಪಾಠದ ಮಾತುಗಳನ್ನು ಕುರಿತು ಮಠಾಧೀಶರು ದನಿಯೆತ್ತಿದರು. ಕೂಡಲಸಂಗಮದ ಮಗ್ಗುಲಲ್ಲಿರುವ ನಮಗೆ ಅದು ದೂರದ ಮಾತಾಗಿರಲಿಲ್ಲ. ಯಾವ ಹೆಸರು ಒಳಗೆ, ಯಾವ ಹೆಸರು ಹೊರಗೆ ಎಂಬುದು ಮುಖ್ಯವೇ. ಆದರೆ ಎರಡೂ ಪಕ್ಷದವರು ವಿದ್ಯಾರ್ಥಿಯನ್ನು ಹೇಳಿದ್ದನ್ನು ಕೇಳಿಸಿಕೊಳ್ಳುವವನೆಂದೇ ಎಣಿಸಿದ್ದರು. ಆಧಾರ ಹುಡುಕಿ ತಾನೇ ನಿರ್ಣಯಿಸಬಲ್ಲವನೆಂದು ಯಾರೂ ಎಣಿಸಲಿಲ್ಲ.

ಕೊನೆಯದಾಗಿ, ಈ ಜಿಲ್ಲೆಯ ಎಲ್ಲಕ್ಕಿಂತ ದೊಡ್ಡ ಘಟನೆ. ಅದು ಯಾವ ಮಹೋತ್ಸವದ ಪಟ್ಟಿಯಲ್ಲೂ ಇಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಹಿನ್ನೀರು ಏರಿದಂತೆ ಊರುಗಳು ಹೋದವು, ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು, ಸೆಕ್ಟರು ನಂಬರೇ ವಿಳಾಸವಾಯಿತು. ಪತ್ರಿಕೆಯವರು ನಮ್ಮನ್ನು ಮುಳುಗಡೆ ನಗರಿ ಎಂದು ಕರೆದರು. ಪರಿಹಾರಕ್ಕಾಗಿ ಅಧಿಕಾರಿಗಳು ಮನೆ ಅಳೆದರು, ಬಾವಿ ಬರೆದರು, ಹಿತ್ತಿಲ ಬೇವಿನ ಗಿಡ, ಹುಣಸೆ ಗಿಡಗಳನ್ನು ಎಣಿಸಿದರು. ಹಲಗಲಿಯ ಲಾವಣಿಕಾರ ಹಾಡಿನಲ್ಲಿ ಮಾಡಿದ್ದ ಪಟ್ಟಿಯನ್ನು ಇಲ್ಲಿ ಭೂಸ್ವಾಧೀನದ ಗುಮಾಸ್ತ ಕಾಗದದಲ್ಲಿ ಮಾಡಿದ. ಒಂದೊಂದು ಮನೆಯ ಗೋಡೆ, ತೊಲೆ, ಕಂಬಗಳವರೆಗೆ ವಿವರವಿರುವ ಇಂಥ ದಾಖಲೆ ಈ ಸೀಮೆಯ ಸಾವಿರದೈನೂರು ವರ್ಷಗಳ ಚರಿತ್ರೆಯಲ್ಲಿ ಮತ್ತೊಂದಿಲ್ಲ. ನ್ಯಾಯಾಲಯದಲ್ಲಿ ದರ ಹೆಚ್ಚಿಸಿಕೊಳ್ಳಲು ಬೇಕಾದಾಗ ವಕೀಲರು ಅದನ್ನು ತೆಗೆಯುತ್ತಾರೆ. ಇತಿಹಾಸದವರು ಅದರ ಕಡೆ ನೋಡಿದ್ದು ಕಡಿಮೆ. ಅದರಲ್ಲಿಲ್ಲದ್ದು, ಅಂದರೆ ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾವ ದೇವರನ್ನು ಹೊಸ ಊರಿಗೆ ತಂದರು, ಯಾವುದನ್ನು ನೀರಿಗೆ ಬಿಟ್ಟರು ಎಂಬುದು, ಇನ್ನೂ ಜನರ ಬಾಯಲ್ಲಿದೆ.

2047ಕ್ಕೆ ಸ್ವಾತಂತ್ರ್ಯಕ್ಕೆ ನೂರು, 2056ಕ್ಕೆ ಏಕೀಕರಣಕ್ಕೆ ನೂರು. ಆಗ ವೇದಿಕೆ ಹಾಕುವವರು ಇಲ್ಲಿ ಕೂತಿರುವ ಹುಡುಗರು. 1956ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಅವರನ್ನು ಕೇಳಲು ಅಷ್ಟು ದಿನ ಕಾಯಲಾಗದು. ನಿಮ್ಮ ಜೇಬಿನಲ್ಲಿರುವ ಮೊಬೈಲೇ ಧ್ವನಿಮುದ್ರಣ ಯಂತ್ರ. ಅಜ್ಜಿಯನ್ನು ಕೂರಿಸಿ, ಹೆಸರು, ಊರು, ತಾರೀಖು ಹೇಳಿ ಶುರುಮಾಡಿ, ನಡುವೆ ಬಾಯಿ ಹಾಕದೆ ಕೇಳಿ. ಶಾಲೆಯ ರಜಿಸ್ಟರಿನ ಪುಟಗಳನ್ನು ಮುಖ್ಯ ಗುರುಗಳ ಅನುಮತಿ ಪಡೆದು ಫೋಟೊ ತೆಗೆಯಿರಿ. ಕಾಲೇಜಿನವರು ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಇದಕ್ಕೆ ಬಿಟ್ಟುಕೊಡಲಿ.

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವರ್ಷದ ಉಪನ್ಯಾಸಕ್ಕೆ ನನ್ನಂಥವರನ್ನು ಹೊರಗಿನಿಂದ ಕರೆಸಬೇಡಿ. ಹಾರ, ಶಾಲು, ಪ್ರಯಾಣದ ಖರ್ಚನ್ನು ಇದೇ ಊರಿನ ನಾಲ್ವರು ವಿದ್ಯಾರ್ಥಿಗಳ ಓಡಾಟಕ್ಕೆ ಕೊಡಿ. ಅವರು ವರ್ಷವಿಡೀ ಕೂಡಿಟ್ಟದ್ದನ್ನು ಈ ವೇದಿಕೆಯ ಮೇಲೆ ನಿಂತು ಓದಲಿ, ನಾನು ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.